ಅಧ್ಯಕ್ಷನ ಬಾಗಿಲಲ್ಲಿ ಬಿಟ್ಟ ಕೆರ

ನಮ್ಮ ಸಂಘದ ಅಧ್ಯಕ್ಷನನ್ನು ಕೊಂದ ದಿನ ಬೆಳಿಗ್ಗೆ ಓಣಿಯ ಮನೆಮನೆಯಲ್ಲೂ ತೊಗಲು ನೆನೆಹಾಕಿದ್ದೆವು. ನೆನೆದ ತೊಗಲು ಯಾರು ಸತ್ತರೂ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ತೆಗೆದು ಬಡಿಯದಿದ್ದರೆ ನಾರುತ್ತದೆ, ಆಮೇಲೆ ಅದು ಯಾವ ಕೆರಕ್ಕೂ ಆಗುವುದಿಲ್ಲ. ಸುದ್ದಿ ಬಂದಾಗ ನಾನು ಮೊದಲು ತೊಗಲನ್ನು ನೀರಿನಿಂದ ತೆಗೆದು ಕಲ್ಲಿನ ಮೇಲೆ ಹರವಿದೆ, ಆಮೇಲೆ ಹೆಣ ನೋಡಲು ಹೋದೆ. ಕಲ್ಲು ಎದೆಯ ಮುದುಕಿ ಎಂದರು. ಅನ್ನಲಿ.

ನಾವು ಅಥಣಿ ಕಡೆಯವರು, ಕೈಯಲ್ಲಿ ಹೊಲಿದ ತೊಗಲಿನ ಚಪ್ಪಲಿ, ಅಂದರೆ ಕೆರ, ಮಾಡುವವರು. ಗಂಡಸರು ತೊಗಲು ಕತ್ತರಿಸಿ ಅಡಿ ಮಾಡುತ್ತಾರೆ, ಹೆಂಗಸರು ಸಣ್ಣ ಎಳೆಗಳಿಂದ ಜಡೆ ಹೆಣೆದು ಪಟ್ಟಿ ಹೊಲಿಯುತ್ತಾರೆ. ಮೊಳೆ ಇಲ್ಲ, ಅಂಟು ಇಲ್ಲ. ಆದರೆ ಅಂಗಡಿಗೆ ಹೋದ ಮೇಲೆ ನಮ್ಮ ಕೆರಕ್ಕೆ ಗಡಿಯಾಚೆಯ ಊರಿನ ಹೆಸರು. ಆಚೆಯವರೂ ಇದೇ ಕೆಲಸ ಮಾಡುತ್ತಾರೆ, ಅವರಿಗೂ ನಮಗೂ ಕೊಟ್ಟು ತರುವ ಸಂಬಂಧ ಉಂಟು. ಮದುವೆಯಲ್ಲಿ ಒಂದೇ ಪಂಕ್ತಿ, ವ್ಯಾಪಾರದಲ್ಲಿ ಹಾವು ಮುಂಗುಸಿ.

ವಿದೇಶದ ಒಂದು ದೊಡ್ಡ ಕಂಪನಿ ನಮ್ಮ ಕೈಯಿಂದ ಕೆರ ಮಾಡಿಸಿ ತನ್ನ ದೇಶದ ಅಂಗಡಿಗಳಲ್ಲಿ ಇಡುತ್ತೇನೆಂದು ಬಂತು. ಅವರ ಶರತ್ತು ಒಂದೇ. ಗಡಿಯ ಎರಡೂ ಕಡೆಯವರು ಒಂದೇ ಕರಾರಿಗೆ ಸಹಿ ಹಾಕಬೇಕು. ಒಬ್ಬರು ಬಿಟ್ಟರೂ ಕರಾರು ಇಲ್ಲ. ಮಾತುಕತೆ ನಡುವಿನ ಊರಾದ ಕಾಗವಾಡದಲ್ಲಿ, ಒಂದು ಮಂಗಲ ಕಾರ್ಯಾಲಯದಲ್ಲಿ. ಕಂಪನಿಯ ಕಡೆಯಿಂದ ಒಬ್ಬ ಬಿಳಿ ಹೆಂಗಸು, ಅವಳ ಮಾತು ತಿರುಗಿಸಿ ಹೇಳಲು ಒಬ್ಬ ಹುಡುಗಿ. ನಮ್ಮ ಕಡೆಗೆ ಅಧ್ಯಕ್ಷ, ಅವನ ಕಾಕನ ಮಗನಾದ ಕಾರ್ಯದರ್ಶಿ, ಉಪಾಧ್ಯಕ್ಷೆ ನಾನು. ಒಬ್ಬ ಹೆಂಗಸು ಇರಲೇಬೇಕೆಂದು ಕಾನೂನು ಇತ್ತಂತೆ, ಹಾಗಾಗಿ ನನ್ನನ್ನು ಮಾಡಿದ್ದರು. ಆಚೆ ಕಡೆಗೆ ಅವರ ಮುಖಂಡ. ಐವತ್ತರ ಮೇಲಿನ ಮನುಷ್ಯ, ಗಂಟಲು ದೊಡ್ಡದು, ಅರ್ಧ ಮರಾಠಿ ಅರ್ಧ ಕನ್ನಡ. ನನ್ನನ್ನು ಮಾವಶಿ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದ.

ಮೊದಲ ಸಲ ಎರಡೂ ಕಡೆಯವರು ಒಟ್ಟಿಗೆ ಕಳಿಸಿದ ಮಾದರಿ ಜೋಡಿಗಳು ಬೂಸು ಹಿಡಿದು ತಿರುಗಿ ಬಂದವು. ಪೂರಾ ಆರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರು. ಅವರ ಅಡಿ ಹಸಿ ಇತ್ತು ಎಂದು ನಾವು, ನಮ್ಮ ಜಡೆ ಹಸಿ ಇತ್ತು ಎಂದು ಅವರು. ಬೂಸಿಗೆ ಯಾವ ಕಡೆಯದೆಂದು ಗೊತ್ತಿರುವುದಿಲ್ಲ, ಎರಡರ ಮೇಲೂ ಕೂತಿತ್ತು. ಇನ್ನೊಮ್ಮೆ ಮಾದರಿ ಮಾಡಿ ತೋರಿಸಲು ಕಂಪನಿ ಒಪ್ಪಿತು. ಅಷ್ಟರಲ್ಲಿ ನಿಜವಾದ ಜಗಳ ಹುಟ್ಟಿತು. ಅಡಿಯ ಮೇಲೆ ಯಾವ ಹೆಸರು ಒತ್ತಬೇಕು? ಹಳೆಯ ಹೆಸರೇ ಸಾಕು ಎಂದು ಅವರು. ನಮ್ಮ ಊರಿನ ಹೆಸರೂ ಬೇಕು ಎಂದು ನಮ್ಮ ಅಧ್ಯಕ್ಷ.

ಕಾಗವಾಡದಲ್ಲಿ ಆ ದಿನ ಇಬ್ಬರೂ ಎದ್ದು ನಿಂತು ಕೂಗಾಡಿದರು.

"ನಾ ಜೀವಂತ ಇರೂತನಕ ನಮ್ಮೂರ ಹೆಸರಿಲ್ಲದ ಕೆರ ಹೊಳಿ ದಾಟಂಗಿಲ್ಲ" ಎಂದ ಅಧ್ಯಕ್ಷ.

"ನೀ ಎಷ್ಟ ದಿವಸ ಇರ್ತಿ, ಅದನ್ನೂ ನೋಡೂಣು" ಎಂದ ಆಚೆಯ ಮುಖಂಡ.

ದುಭಾಷಿ ಹುಡುಗಿ ಇದನ್ನು ಆ ಹೆಂಗಸಿಗೆ ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು. "ಊಟಕ್ಕ ಬರ್ರಿ ಅಂದ್ರು ಅಂತ ಹೇಳವಾ" ಎಂದೆ.

ಮಾರನೆಯ ಬೆಳಿಗ್ಗೆ ಅಧ್ಯಕ್ಷ ಮೋಟರ್‌ಸೈಕಲ್ ಮೇಲೆ ಅಥಣಿಗೆ ಹೊರಟವನು ಕಬ್ಬಿನ ಹೊಲದ ಬದಿಗೆ ಬಿದ್ದಿದ್ದ. ಕುತ್ತಿಗೆಗೆ, ಭುಜಕ್ಕೆ ಹೊಡೆದಿದ್ದರು. ಅವನು ಬರೀ ಸಂಘದ ಅಧ್ಯಕ್ಷನಾಗಿರಲಿಲ್ಲ. ಜಿಲ್ಲಾ ಪಂಚಾಯ್ತಿ ಚುನಾವಣೆಗೆ ನಿಲ್ಲುವವನಿದ್ದ, ಕರಾರು ಆಗಿದ್ದರೆ ಗೆಲ್ಲುವವನೂ ಇದ್ದ. ಅದು ಗೊತ್ತಿದ್ದವರು ಬಹಳ ಮಂದಿ. ಆದರೆ ಆ ದಿನ ಯಾರ ಬಾಯಲ್ಲೂ ಚುನಾವಣೆಯ ಮಾತಿಲ್ಲ. ಎಲ್ಲರ ಬಾಯಲ್ಲೂ ಕಾಗವಾಡದ ಮಾತೇ. ಎಷ್ಟ ದಿವಸ ಇರ್ತಿ ನೋಡೂಣು.

ಪೊಲೀಸರು ಅಧ್ಯಕ್ಷನ ಮನೆ ಜಾಲಾಡಿದಾಗ ಬಾಗಿಲ ಒಳಗಿನ ಗೂಡಿನಲ್ಲಿ ಒಂದು ಜೊತೆ ಕೆರ ಸಿಕ್ಕಿತು. ಪಟ್ಟಿ ಅಡಿಗೆ ಸೇರುವಲ್ಲಿಯ ಕಿವಿಯನ್ನು ಕತ್ತರಿಸಿದ ರೀತಿ ನಮ್ಮದಲ್ಲ. ಕಾರ್ಯದರ್ಶಿ ಒಮ್ಮೆ ನೋಡಿ, "ಇವು ಆಚೀ ಕಡೀ ಲೀಡರನವು ಸಾಹೇಬ್ರ" ಎಂದುಬಿಟ್ಟ. ಸಾಹೇಬರ ಲೆಕ್ಕ ಅಲ್ಲಿಗೆ ಕೂಡಿತು. ಕಾಗವಾಡದಲ್ಲಿ ಜಗಳ ಆಗಿದೆ, ಸಂಜೆಗೆ ಆ ಮನುಷ್ಯ ಮನೆಗೆ ಬಂದು ಮತ್ತೆ ಜಗಳ ತೆಗೆದಿದ್ದಾನೆ, ಸಿಟ್ಟಿನಲ್ಲಿ ಬರಿಗಾಲಲ್ಲಿ ಎದ್ದು ಹೋಗಿದ್ದಾನೆ, ಬೆಳಿಗ್ಗೆ ದಾರಿಯಲ್ಲಿ ಕಾದಿದ್ದಾನೆ.

ಕೆರವನ್ನು ಪೇಪರಿನಲ್ಲಿ ಸುತ್ತಿ ಒಯ್ಯುವಾಗ ನಾನು ಪಡಸಾಲೆಯಲ್ಲಿದ್ದೆ. ಪಟ್ಟಿಗಳ ಮೇಲೆ ಎಣ್ಣೆ ಮಿಂಚುತ್ತಿತ್ತು.

ಇಲ್ಲಿ ನಮ್ಮ ಮಂದಿಯ ಒಂದು ರಿವಾಜು ಹೇಳಬೇಕು. ಹೆಣ್ಣು ಕೇಳಲು ಹೋದಾಗಲೋ, ಅಣ್ಣತಮ್ಮರ ಪಾಲಿನಲ್ಲೋ ಮಾತು ಕೂಡದೇ ಹೋದರೆ, ಬಂದ ಹಿರಿಯ ತನ್ನ ಕೆರವನ್ನು ಆ ಮನೆಯ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಹೋಗುತ್ತಾನೆ. ಮಾತು ಮುರಿದಿಲ್ಲ, ನಾನು ತಿರುಗಿ ಬರುತ್ತೇನೆ ಎಂದು ಅದರ ಅರ್ಥ. ಮನೆಯವನಿಗೂ ಮನಸ್ಸಿದ್ದರೆ ಕೆರವನ್ನು ಒಳಗೆ ತಂದು, ಒರೆಸಿ, ಎಣ್ಣೆ ಹಚ್ಚಿ ಇಡುತ್ತಾನೆ. ಆಮೇಲೆ ಆಗುವುದಿಲ್ಲ ಎನಿಸಿದರೆ ಅದೇ ಕೆರವನ್ನು ತಿರುಗಿ ಕಳಿಸುತ್ತಾನೆ. ಒಪ್ಪಿಗೆ ಇದ್ದರೆ ತನ್ನ ಮನೆಯಲ್ಲೇ ಹೊಸ ಜೊತೆ ಮಾಡಿ ಕೊಡುತ್ತಾನೆ. ಉತ್ತರ ಬರುವವರೆಗೆ ಕೆರ ಬಿಟ್ಟವನು ಬರಿಗಾಲಲ್ಲೇ ಇರಬೇಕು. ಈಗಿನ ಹುಡುಗರಿಗೆ ಇದು ಗೊತ್ತಿಲ್ಲ. ನಲವತ್ತು ದಾಟಿದವರಿಗೆಲ್ಲ ಗೊತ್ತು. ಕಾರ್ಯದರ್ಶಿಗೆ ಚೆನ್ನಾಗಿ ಗೊತ್ತು, ಅವನ ಮದುವೆಯೇ ಹಾಗೆ ಆದದ್ದು.

ಪಡಸಾಲೆಯಲ್ಲೇ ಅವನನ್ನು ಹಿಡಿದು ಕೇಳಿದೆ. "ಏನೋ, ಎಣ್ಣಿ ಕಾಣಲಿಲ್ಲೇನ ನಿನಗ?"

"ಆಯಿ, ನೀ ಸುಮ್ನ ಕುಂದ್ರು. ಪೊಲೀಸರ ಮುಂದ ಹಳೀ ಪುರಾಣ ಬಿಚ್ಚಬ್ಯಾಡ."

ಬಾಗಿಲಲ್ಲಿದ್ದ ಪೇದೆಗೆ ಹೇಳಲು ಹೋದೆ. "ಆಮ್ಯಾಲ ಹೇಳಬೇ, ಈಗ ದಾರಿ ಬಿಡು" ಎಂದ. ಅವನ ಕೈಯಲ್ಲಿ ನಮ್ಮ ಓಣಿಯ ರಂಪಿಗೆಗಳಿದ್ದವು. ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿಗೆ ನಾವು ರಂಪಿಗೆ ಎನ್ನುತ್ತೇವೆ. ಗಾಯ ಯಾವ ಹತಾರದ್ದು ಎಂದು ತಪಾಸಣೆ ಮಾಡಬೇಕೆಂದು ಎಲ್ಲ ಮನೆಯಿಂದ ಒಯ್ದರು. ಕೆಲಸ ನಿಂತಿತು. ನಾನು ನೀರಿನಿಂದ ತೆಗೆದ ತೊಗಲು ಹರವಿದಲ್ಲೇ ಒಣಗಿ ಸೆಟೆಯಿತು.

ಆಚೆಯ ಮುಖಂಡನಿಗೆ ಅಥಣಿ ಠಾಣೆಯಿಂದ ಕರೆ ಹೋಯಿತು. ಬೇರೆ ರಾಜ್ಯದವನು, ಬರುವುದಿಲ್ಲ, ಓಡಿಹೋಗುತ್ತಾನೆ ಎಂದರು. ಮಿರಜ ಬಸ್ಸಿನಿಂದ ಇಳಿದು ತಾನೇ ಬಂದ, ಬರಿಗಾಲಲ್ಲಿ. ಬಸ್ ನಿಲ್ದಾಣದಿಂದ ಠಾಣೆಯವರೆಗೆ ಡಾಂಬರು ಸುಡುತ್ತಿತ್ತು. ಅವನನ್ನು ಕೂರಿಸಿಕೊಂಡು ಕೇಳಿದರು, ಸಂಜೆಗೆ ಬಿಟ್ಟರು, ಮರುದಿನ ಮತ್ತೆ ಕರೆಸಿದರು. ಬಂದೇ ಬಂದ. ಬರಿಗಾಲು ನೋಡಿ ನಮ್ಮ ಹುಡುಗರು, "ನಾಟಕ ಮಾಡತಾನ, ಕೊಲೆಗಡಕ" ಎಂದರು. ಹಿರಿಯರು ನೆಲ ನೋಡಿದರು.

ಆ ಹಿರಿಯರ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೇನೆ. ಅವರು ಸುಳ್ಳು ಹೇಳಲಿಲ್ಲ. ಯಾರೂ ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಅಷ್ಟೇ. ಆಚೆಯವನು ಜೈಲಿಗೆ ಹೋದರೆ ಹೆಸರಿನ ಜಗಳ ತಾನೇ ಮುಗಿಯುತ್ತದೆ, ಕಂಪನಿ ನಮ್ಮ ಕಡೆಯೇ ಬರುತ್ತದೆ ಎಂದು ಒಳಗೊಳಗೆ ಎಲ್ಲರಿಗೂ ಆಸೆ. ಯಾರ ಮೇಲೆ ಸಂಶಯ ಬಿದ್ದರೆ ನಮಗೆ ಅನುಕೂಲವೋ ಅವನ ಮೇಲೆ ಸಂಶಯ ಪಡುವುದು ಬಹಳ ಸುಲಭ.

ಅಷ್ಟರಲ್ಲಿ ಬಸ್ ಕಂಡಕ್ಟರನ ಕೈಯಲ್ಲಿ ನನ್ನ ಹೆಸರಿಗೆ ಒಂದು ಗೋಣಿ ಗಂಟು ಬಂತು. ಬಿಚ್ಚಿದರೆ ರಂಪಿಗೆಗಳು, ಮಸೆದವು. ಆಚೆಯವನು ಕಳಿಸಿದ್ದ. ನಮ್ಮ ಹತಾರ ಪೊಲೀಸರು ಒಯ್ದ ಸುದ್ದಿ ಅವನಿಗೆ ಠಾಣೆಯಲ್ಲೇ ಸಿಕ್ಕಿರಬೇಕು. ಮಾದರಿ ಜೋಡಿ ಹೊತ್ತಿಗೆ ಆಗದಿದ್ದರೆ ಎರಡೂ ಕಡೆಗೆ ನಷ್ಟವೆಂದು ಲೆಕ್ಕ ಹಾಕಿದ್ದಾನೆ. ಓಣಿಯ ಗಂಡಸರು ಒಬ್ಬರೂ ಮುಟ್ಟಲಿಲ್ಲ.

"ಕೊಲಿ ಮಾಡಿದವನ ಹತ್ಯಾರ ನಾವ್ ಮುಟ್ಟಬೇಕೇನ ಆಯಿ?"

"ಮುಟ್ಟಬ್ಯಾಡ್ರಿ. ಹಲ್ಲಲೆ ಕೊಯ್ರಿ" ಎಂದು ಗಂಟನ್ನು ನನ್ನ ಮನೆಯಲ್ಲಿಟ್ಟುಕೊಂಡೆ.

ಕಂಪನಿಯಿಂದ ಫೋನು ಬಂತು. ದುಭಾಷಿ ಹುಡುಗಿ ಸಮಾಧಾನದಿಂದಲೇ ಹೇಳಿದಳು. ಬರುವ ವಾರ ಕಾಗವಾಡಕ್ಕೆ ಬರುತ್ತಾರೆ. ಎರಡೂ ಕಡೆಯವರು ಸಹಿ ಹಾಕಿದರೆ ಸರಿ. ಒಂದು ಕಡೆಯವನ ಮೇಲೆ ಕೊಲೆ ಕೇಸು ಬಿದ್ದರೆ ಕಂಪನಿ ತನ್ನ ದಾರಿ ನೋಡಿಕೊಳ್ಳುತ್ತದೆ, ನಮ್ಮ ಕಡೆಗಾಗಲೀ ಅವರ ಕಡೆಗಾಗಲೀ ಮತ್ತೆ ಬರುವುದಿಲ್ಲ. ಕಾರ್ಯದರ್ಶಿಗೆ ಇದನ್ನು ಹೇಳಿದೆ. ಅವನು ನಂಬಲಿಲ್ಲ. "ಹಂಗ ಅಂತಾರ ಆಯಿ, ಆಮ್ಯಾಲ ನಮ್ಮ ಕಡೇನ ಬರ್ತಾರ. ಮತ್ತ ಇಲೆಕ್ಷನ್ನಿಗೆ ನಾ ನಿಂತರ ಅಣ್ಣನ ರಗತದ ಮ್ಯಾಲ ಓಟ ಬರ್ತಾವು" ಎಂದ. ಅವನು ಕೊಲೆ ಮಾಡಿದವನಲ್ಲ. ಸತ್ತವನಿಗಾಗಿ ಅತ್ತವನೂ ಹೌದು. ಆದರೆ ಅತ್ತ ಕಣ್ಣು ಒರೆಸಿಕೊಳ್ಳುವ ಮೊದಲೇ ಲೆಕ್ಕ ಹಾಕಿದ್ದ.

ಆ ಮಧ್ಯಾಹ್ನ ನಾನು ಅಧ್ಯಕ್ಷನ ಹೆಂಡತಿಯ ಹತ್ತಿರ ಹೋದೆ. ಅವಳು ನನಗೆ ಸೊಸೆಯಾಗಬೇಕು, ದೂರದ ನಂಟು. ಗೋಡೆಗೆ ಆತು ಕೂತಿದ್ದಳು. ಸುತ್ತಲಿದ್ದ ಹೆಂಗಸರನ್ನು ಎಬ್ಬಿಸಿ ಕಳಿಸಿದೆ.

"ಆ ಕೆರಕ್ಕ ಎಣ್ಣಿ ಹಚ್ಚಿದಾಕಿ ನೀನೇನ?" ಎಂದು ಕೇಳಿದೆ.

"ನಾ ಅಲ್ಲ ಅತ್ತಿ. ಅವರ ಹಚ್ಚಿದ್ರು. ನಗಾಕತ್ತಿದ್ರು."

"ನಗಾಕತ್ತಿದ್ನ? ಯಾಕ?"

"ಇಬ್ಬರೂ ಇಲ್ಲೇ ಕುಂತು ಚಹಾ ಕುಡದ್ರು. ಒಂದ ಕೆರದ ಮ್ಯಾಲ ಅವರ ಹೆಸರು, ಒಂದ ಕೆರದ ಮ್ಯಾಲ ನಮ್ಮೂರ ಹೆಸರು ಅಂತ ಮಾತಾತು. ಮತ್ತ ಬಲಗಾಲ ಯಾರಿಗೆ ಅಂತ ಜಗಳಾ ಸುರು ಆತು. ಇಬ್ಬರಿಗೂ ಬಲಗಾಲ ಬೇಕು. ಎಡಗಾಲ ನಿನ್ನ ಹೆಂಡತಿಗಿ ಕೊಡು ಅಂತ ಆಂವ ಅಂದ. ಎದ್ದ ಹೋಗೂ ಮುಂದ ಕೆರಾ ಬಿಟ್ಟ ಹೋದ."

"ಇದನ್ನ ಪೊಲೀಸರಿಗೆ ಹೇಳಿದೇನ?"

"ಮೈದುನ ಹೇಳಬ್ಯಾಡ ಅಂದ." ಆಮೇಲೆ ಮುಖ ಎತ್ತಿದಳು. "ನನ್ನ ಗಂಡ ಹೋದ್ನಲ್ಲ ಅತ್ತಿ. ಇನ್ನೊಬ್ಬನ ಕೆರದ ಚಿಂತಿ ನನಗ ಯಾಕ?"

ಇಂಥ ಮಾತಿಗೆ ಬೇರೆಯವರಾದರೆ ತಲೆ ಸವರುತ್ತಿದ್ದರು. ನನಗೆ ಅದು ಬರುವುದಿಲ್ಲ.

"ಚಿಂತಿ ಮಾಡಬ್ಯಾಡ" ಎಂದೆ. "ನೀ ಇಲ್ಲಿ ಕುಂತು ತಪ್ಪ ಮಾಡದವಗ ಶಾಪಾ ಹಾಕು. ನಿನ್ನ ಗಂಡನ್ನ ಕಡದಾಂವ ಎಲ್ಲೋ ಅಥಣ್ಯಾಗ ಕುಂತು ಚುನಮುರಿ ತಿನ್ನಲಿ. ಪೊಲೀಸರೂ ಅವನ ಬಾಜೂಕ ಕುಂತು ತಿನ್ನಲಿ. ಯಾಕಂದ್ರ ಹುಡಕೂದು ಮುಗದೈತಲ್ಲ."

ಅವಳು ನನ್ನನ್ನು ಕೊಲ್ಲುವ ಹಾಗೆ ನೋಡಿದಳು. ಆಮೇಲೆ ಎದ್ದು ಸೆರಗು ಹೊದ್ದಳು. ಗಂಡ ಸತ್ತ ಹೆಣ್ಣು ಇಷ್ಟು ಬೇಗ ಹೊಸ್ತಿಲು ದಾಟಬಾರದೆಂದು ಹೊರಗಿದ್ದ ಹೆಂಗಸರು ಅಡ್ಡ ಬಂದರು. "ಪೊಲೀಸರನ್ನ ಇಲ್ಲಿಗೆ ಕರದ್ರ ಮೈದುನ ಅಡ್ಡ ನಿಂದ್ರತಾನ, ದಾರಿ ಬಿಡ್ರಿ" ಎಂದು ಅವಳೇ ಹೇಳಿದಳು.

ಠಾಣೆಯಲ್ಲಿ ಆಚೆಯವನು ಬೆಂಚಿನ ಮೇಲೆ ಕೂತಿದ್ದ. ಕಾಲಿನಲ್ಲಿ ಬೊಬ್ಬೆ ಎದ್ದಿದ್ದವು. ಅವಳನ್ನು ನೋಡಿ ಎದ್ದು ನಿಂತ. ಅವಳು ಅವನ ಕಡೆ ನೋಡಲಿಲ್ಲ. ಸಾಹೇಬರ ಮುಂದೆ ನಿಂತು, ನನ್ನ ಮುಂದೆ ಹೇಳಿದ್ದನ್ನೆಲ್ಲ ಹೇಳಿದಳು. ನಾನು ರಿವಾಜು ವಿವರಿಸಿದೆ. ಸಾಹೇಬರು ಕೆಟ್ಟ ಮನುಷ್ಯರಲ್ಲ. ಪೆನ್ನು ಕೆಳಗಿಟ್ಟು ಕೇಳಿದರು.

"ಅಮ್ಮಾ, ಇದನ್ನ ನಿಮ್ಮ ಓಣ್ಯಾಗ ಒಬ್ಬರಾದ್ರೂ ಮೊದಲ ಹೇಳಬಾರದ?"

"ಹೇಳಬೇಕಿತ್ರಿ. ಎಲ್ಲಾರಿಗೂ ಬಲಗಾಲ ಬೇಕಾಗಿತ್ತು."

ಅವರು ನಗಲಿಲ್ಲ. ಬರೀ ರಿವಾಜಿನ ಮೇಲೆ ಯಾರನ್ನೂ ಬಿಡಲಾಗುವುದಿಲ್ಲ, ಎಲ್ಲ ತಾಳೆ ನೋಡುತ್ತೇನೆ ಎಂದರು. ಆಚೆಯವನು ಕೆರದ ರಿವಾಜನ್ನೂ, ಕೊಲೆಯ ಹೊತ್ತಿಗೆ ತಾನು ಮಿರಜದ ದವಾಖಾನೆಯಲ್ಲಿ ತಾಯಿಯ ಹತ್ತಿರ ಇದ್ದುದನ್ನೂ ಮೊದಲೇ ಹೇಳಿದ್ದನಂತೆ. ಕೆರವೇ ಸಿಕ್ಕಿದೆಯಲ್ಲ ಎಂದು ಯಾರೂ ಅದನ್ನು ನಂಬಿರಲಿಲ್ಲ, ದವಾಖಾನೆಗೆ ಹೋಗಿ ನೋಡಿಯೂ ಇರಲಿಲ್ಲ. ಈಗ ನೋಡಿದರು, ನಿಜವಿತ್ತು. ಅವನನ್ನು ಕರೆಸುವುದು ನಿಂತಿತು. ತಪಾಸಣೆ ಬೇರೆ ಕಡೆ ತಿರುಗಿತು.

ಹೊರಡುವ ಮುಂಚೆ ಆ ಕೆರ ಒಮ್ಮೆ ತೋರಿಸಿರಿ ಎಂದು ಕೇಳಿದೆ. ಚೀಟಿ ಕಟ್ಟಿ, ಅರಗು ಒತ್ತಿ ಇಟ್ಟಿದ್ದರು. ಅಳತೆ ಮಾಡಲು ಗೇಣು ಚಾಚಿದೆ. "ಮುಟ್ಟಬ್ಯಾಡ್ರಿ, ಕೋರ್ಟಿಗೆ ಹೋಗೂ ಸಾಮಾನದು" ಎಂದು ಪೇದೆ ಕೈ ತಳ್ಳಿದ. ಕಣ್ಣಳತೆಯಲ್ಲೇ ಇಟ್ಟುಕೊಂಡೆ.

ಉತ್ತರ ಕೊಡುವುದು ಇನ್ನೂ ಬಾಕಿ ಇತ್ತು. ಸತ್ತವನು ಕೆರಕ್ಕೆ ಎಣ್ಣೆ ಹಚ್ಚಿದ್ದ, ಅಷ್ಟೇ. ಮಾತು ಮುರಿದಿಲ್ಲ ಎಂದಷ್ಟೇ ಅದರ ಅರ್ಥ, ಒಪ್ಪಿದ್ದೇನೆ ಎಂದಲ್ಲ. ಅವನು ಬದುಕಿದ್ದರೆ ಬಲಗಾಲು ಬಿಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಡುತ್ತಿದ್ದ ಎಂದು ಈಗ ಹೇಳುವವರಿದ್ದಾರೆ. ಸತ್ತವರ ಬಾಯಲ್ಲಿ ಮಾತು ಇಡುವುದು ನನಗೆ ಸೇರುವುದಿಲ್ಲ. ನಾನು ಉಪಾಧ್ಯಕ್ಷೆ, ಅವನಿಲ್ಲದಾಗ ಸಹಿ ನನ್ನದು. ತೀರ್ಮಾನವೂ ನನ್ನದೇ. ಎಡಗಾಲು ನಮಗೆ ಇರಲಿ ಎಂದು ಓಣಿಯಲ್ಲಿ ಹೇಳಿದೆ.

ಕಾರ್ಯದರ್ಶಿ ಕುಣಿದಾಡಿದ. "ಎಡಗಾಲ? ಅಣ್ಣ ಜೀವಾ ಕೊಟ್ಟದ್ದ ಎಡಗಾಲಿಗೇನ? ಮಂದಿ ನಗತಾರ ಆಯಿ!"

"ನಾ ಹುಟ್ಟಾ ಎಡಚಿ. ಇಷ್ಟ ವರ್ಷ ನನ್ನ ಎಡಗೈಲೆ ಹೆಣದ ಜಡೀ ಮಾರಿ ಉಂಡ್ರಿ, ಆವಾಗ ಯಾರೂ ನಗಲಿಲ್ಲ."

ಹೊಸ ಜೊತೆ ಅಧ್ಯಕ್ಷನ ಮನೆಯಲ್ಲೇ ಆಗಬೇಕು. ಅಡಿ ಕೊಯ್ಯಲು ಗಂಡಸರು ಯಾರೂ ಬರಲಿಲ್ಲ. ನಾನು ಆಯುಷ್ಯವೆಲ್ಲ ಜಡೆ ಹೆಣೆದವಳು, ಅಡಿ ಕೊಯ್ದವಳಲ್ಲ. ಹತಾರ ಆಚೆಯವನು ಕಳಿಸಿದ್ದೇ, ಅದರ ಹಿಡಿ ಬಲಗೈಗೆ ಸವೆದಿತ್ತು. ಸತ್ತವನ ಹೆಂಡತಿ ತೊಗಲನ್ನು ಎಳೆದು ಹಿಡಿದಳು, ನಾನು ಎಡಗೈಯಲ್ಲಿ ರಂಪಿಗೆ ಒತ್ತಿದೆ. ಎಮ್ಮೆ ತೊಗಲು ದಪ್ಪ. ಒತ್ತಿದಲ್ಲಿ ಕೊಯ್ಯದೆ ಪಕ್ಕಕ್ಕೆ ಜಾರುತ್ತದೆ. ಮೊದಲನೆಯದು ಕೆಟ್ಟಿತು, ಎಸೆದೆ. ಎರಡನೆಯದರಲ್ಲಿ ಬಲಗಾಲು ಸರಿ ಬಂತು, ಎಡಗಾಲು ದೊಡ್ಡದಾಯಿತು. ತೊಗಲು ಮುಗಿದಿತ್ತು. ಅದನ್ನೇ ಪದರು ಕೂಡಿಸಿ, ಬಡಿದು, ತೊಗಲಿನ ದಾರದಿಂದ ಹೊಲಿದೆವು. ಜಡೆ ಚೆನ್ನಾಗಿ ಬಂತು. ಉಳಿದದ್ದು ನೋಡಬಾರದು. ಈ ಸಲ ನೆರಳಲ್ಲಿ ಪೂರಾ ಆರಿಸಿದೆ.

ಹೊಲಿಗೆ ಮುಗಿಯುವ ಹೊತ್ತಿಗೆ ಅವಳು ಒಂದು ಮಾತು ಕೇಳಿದಳು. "ಅತ್ತಿ, ಕಡದಾಂವ ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ಸಿಗಲಿಲ್ಲ. ಆಗ ಸಿಗದವನ್ನ ಬೈಯೂಣು. ಸಿಕ್ಕವನ್ನ ಬೈಯೂದು ಬ್ಯಾಡ."

ಕಾಗವಾಡದಲ್ಲಿ ಅದೇ ಮಂಗಲ ಕಾರ್ಯಾಲಯ. ಮಾದರಿ ಜೋಡಿಗಳು ನಮ್ಮಲ್ಲಿ ಪೊಲೀಸರು ಹತಾರ ಒಯ್ಯುವ ಮೊದಲು ಮಾಡಿದ ಅರ್ಧ ಮಾತ್ರ ಇದ್ದವು, ಅದನ್ನು ಇದ್ದ ಹಾಗೆ ಹೇಳಿದೆ. ಆಚೆಯವನು ಬರಿಗಾಲಲ್ಲಿ ಒಳಗೆ ಬಂದ. ಬಿಳಿ ಹೆಂಗಸು ಅವನ ಕಾಲು ನೋಡಿ ದುಭಾಷಿ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದಳು. ಕೆರ ಮಾಡುವವನ ಕಾಲಿಗೆ ಕೆರ ಯಾಕಿಲ್ಲ ಎಂದು ಕೇಳಿರಬೇಕು, ಯಾರಾದರೂ ಅದನ್ನೇ ಕೇಳುತ್ತಾರೆ. ನಾನು ಎದ್ದು ಗಂಟು ಬಿಚ್ಚಿ ಹೊಸ ಜೊತೆಯನ್ನು ಅವನ ಮುಂದೆ ನೆಲಕ್ಕಿಟ್ಟೆ.

"ಬಲಗಾಲ ನಿಮಗ" ಎಂದೆ. "ಎಡಗಾಲ ನಮಗ. ಮನೀ ಒಪ್ಪಿಗಿ ಐತಿ. ಸತ್ತವನ ಹೆಂಡತಿ ಕೈ ಹಚ್ಚಿ ಮಾಡ್ಯಾಳ."

ಅವನು ಬಗ್ಗಿ ಜಡೆಯ ಮೇಲೆ ಬೆರಳಾಡಿಸಿದ. ಆಮೇಲೆ ಬಲಗಾಲು ತೂರಿಸಿದ, ಎಡಗಾಲು ತೂರಿಸಿದ, ನಾಲ್ಕು ಹೆಜ್ಜೆ ನಡೆದ. ಎಡಗಾಲಿನದು ಪಟಪಟ ಬಡಿಯಿತು.

"ಮಾವಶಿ, ಡಾವಾ ಪಾಯದ್ದು ದೊಡ್ಡದಾಗೈತಿ."

"ನಮ್ಮ ಕಾಲ ಅಲ್ಲೇನದು? ದೊಡ್ಡದ ಇರಬೇಕು."

"ಬಲದ್ದು ಕಚ್ಚಾಕತ್ತೈತಿ."

"ಅದು ನಿಮ್ಮದು. ಎಣ್ಣಿ ಹಚಗೋರಿ."

ಅವನು ನಕ್ಕ, ನಗುತ್ತಲೇ ಮುಖ ಗೋಡೆಗೆ ತಿರುಗಿಸಿದ. ಬಿಳಿ ಹೆಂಗಸು ಆ ಕೆರದ ಫೋಟೋ ತೆಗೆದುಕೊಂಡಳು. ಒಂದು ಸಣ್ಣ ಒಂದು ದೊಡ್ಡ, ಇದು ಹೊಸ ನಮೂನೆಯೇ ಎಂದು ಕೇಳುತ್ತಿದ್ದಾರೆ ಎಂದಳು ದುಭಾಷಿ ಹುಡುಗಿ. ಅಲ್ಲ ಎಂದು ಹೇಳು ಎಂದೆ. ಎರಡು ಹೆಸರಿನ ವಿಷಯವನ್ನು ಆ ಹೆಂಗಸು ಕಂಪನಿಯ ಮೇಲಿನವರನ್ನು ಕೇಳಿ ಒಪ್ಪಿದಳು. ಸಹಿ ಆಯಿತು. ನನ್ನ ಸಹಿಗೆ ಹೊತ್ತು ಹಿಡಿಯುತ್ತದೆ, ಎಲ್ಲರೂ ಕಾದರು.

ಕೊಲೆ ಮಾಡಿದವರೆಂದು ಆಮೇಲೆ ಹಿಡಿದದ್ದು ನಮ್ಮ ತಾಲ್ಲೂಕಿನವರನ್ನೇ. ಚುನಾವಣೆಯ ಹಗೆ ಎಂದರು. ಅವರನ್ನು ಕಳಿಸಿದವರು ಯಾರು ಎಂಬುದು ಇನ್ನೂ ಕೋರ್ಟಿನಲ್ಲಿದೆ. ಕಾರ್ಯದರ್ಶಿ ಚುನಾವಣೆಗೆ ನಿಂತ, ಸೋತ. ಈಗ ಅವನೇ ಎಡಗಾಲಿನ ಅಡಿಯ ಮೇಲೆ ನಮ್ಮೂರ ಹೆಸರು ಒತ್ತುತ್ತಾನೆ, ಚೆನ್ನಾಗಿಯೇ ಒತ್ತುತ್ತಾನೆ.

ಮೊನ್ನೆ ರಂಪಿಗೆಗಳನ್ನು ಬಿಡಿಸಿಕೊಳ್ಳಲು ಠಾಣೆಗೆ ಹೋಗಿದ್ದೆ. ಸಾಹೇಬರು ಬೇರೆ, ಹೊಸಬರು. ಕೇಸು ಮುಗಿದ ಮೇಲೆ ಆ ಒಂದು ಜೊತೆ ಕೆರವನ್ನೂ ಸಂಬಂಧಪಟ್ಟವರಿಗೆ ತಲುಪಿಸುತ್ತೇವೆ ಎಂದರು.

"ಎಲ್ಲಾ ಕೊಡ್ರಿ ಸಾಹೇಬ್ರ" ಎಂದೆ. "ಆ ಕೆರಾ ಮಾತ್ರ ತಿರುಗಿ ಕಳಸಬ್ಯಾಡ್ರಿ. ಮಾತ ಮುರೀತೈತಿ."